ಏರೋಪ್ಲೇನ್ ಚಿಟ್ಟೆಗಳನ್ನು ಗುರುತಿಸಲು ಕಿರು ಕೈಪಿಡಿಯನ್ನು ಬಳಸುವುದು ಹೇಗೆ?

ಜೇಬಿನಲ್ಲಿ ಹಿಡಿಯುವ ಕೈಪಿಡಿಯೊಂದನ್ನು ಕೊಂಡು ಒಂದು ತಿಂಗಳಿಂದ ಮೈಸೂರಿನ ಕುಕ್ಕರಹಳ್ಳಿ ಕೆರೆಗೆ ಹೋಗುತ್ತಿದ್ದರೂ, ಕಣ್ಣಿಗೆ ಬಿದ್ದ ಡ್ರ್ಯಾಗನ್‌ಫ್ಲೈಗೂ (ಏರೋಪ್ಲೇನ್ ಚಿಟ್ಟೆಗೂ) ಪುಸ್ತಕದ ಚಿತ್ರಕ್ಕೂ ತಾಳೆಯಾಗುತ್ತಿಲ್ಲ, ಎಲ್ಲಿಂದ ಆರಂಭಿಸಬೇಕು ಎಂದು ಕೇಳಿದ್ದೀರಿ. ಏಳು ವರ್ಷಗಳಿಂದ ನನ್ನೂರಿನ ಕೆರೆಗಳ ದಂಡೆಯಲ್ಲಿ ಇವುಗಳನ್ನು ನೋಡುತ್ತ ಬಂದವನಾಗಿ ನಾನು ಮೊದಲು ಹೇಳಬೇಕಾದದ್ದು ಇದು: ಬಣ್ಣವನ್ನು ಹಿಡಿದು ಪುಸ್ತಕ ತೆರೆಯಬೇಡಿ, ಬಣ್ಣವನ್ನು ಎಲ್ಲಕ್ಕಿಂತ ಕೊನೆಗೆ ನೋಡಿ.

ನನ್ನ ಮೊದಲ ವರ್ಷದ ಟಿಪ್ಪಣಿಯಲ್ಲಿ ನೆಲದ ಮೇಲೆ ಕೂರುವ ಹಳದಿ ಮಿಶ್ರಿತ ಹಸಿರಿನದು ಒಂದು, ತಿಳಿನೀಲಿಯದು ಇನ್ನೊಂದು, ಎರಡರ ನಡುವಿನ ಬಣ್ಣದ್ದು ಮತ್ತೊಂದು ಎಂದು ಮೂರು ಬೇರೆ ಬೇರೆ ಹೆಸರುಗಳಿವೆ. ಆ ಮೂರೂ ಗ್ರೌಂಡ್ ಸ್ಕಿಮ್ಮರ್ ಎಂಬ ಒಂದೇ ಪ್ರಭೇದ. ಹೆಣ್ಣು ಮತ್ತು ಎಳೆಯ ಗಂಡು ಹಸಿರು ಹಳದಿಯಾಗಿರುತ್ತವೆ. ಗಂಡು ಬಲಿತಂತೆ ಬೂದುಗುಂಬಳದ ಮೇಲೆ ಬೂದಿ ಕೂರುವ ಹಾಗೆ ಅದರ ಮೈಮೇಲೆ ಮೇಣದಂಥ ನೀಲಿ ಪುಡಿ ಕೂರುತ್ತ ಹೋಗಿ ಹಳೆಯ ಗುರುತುಗಳನ್ನು ಮುಚ್ಚಿಬಿಡುತ್ತದೆ. ಬಣ್ಣ ಬದಲಾದರೂ ಬದಲಾಗದೆ ಉಳಿಯುವ ಸಂಗತಿಗಳು ಬೇರೆ: ಅದು ಬರಿನೆಲದ ಮೇಲೆ ಕೂರುತ್ತದೆ, ರೆಕ್ಕೆಗಳಲ್ಲಿ ಕಲೆಯಿಲ್ಲ, ಬಾಲದ ತುದಿಯ ಪುಟ್ಟ ಚಿಮಟದಂಥ ಭಾಗ ಬೆಳ್ಳಗಿದೆ. ಇದರ ಎಳೆಯ ರೂಪವನ್ನು ಗ್ರೀನ್ ಮಾರ್ಷ್ ಹಾಕ್ ಎಂದು ತಿಳಿಯುವವರು ಬಹಳ. ಆದರೆ ಆ ಎರಡನೆಯದು ಗಾತ್ರದಲ್ಲಿ ದೊಡ್ಡದು, ಅದರ ಹೊಟ್ಟೆ (ಬಾಲದಂತೆ ಕಾಣುವ ಉದ್ದನೆಯ ಭಾಗ) ಬುಡದಲ್ಲಿ ಉಬ್ಬಿ ಮುಂದೆ ಕಡ್ಡಿಯಂತೆ ಸಣಕಲಾಗುತ್ತದೆ. ಈ ಆಕಾರವನ್ನು ಒಮ್ಮೆ ಗಮನಿಸಿದರೆ ಇಪ್ಪತ್ತು ಅಡಿ ದೂರದಿಂದಲೇ ಹೆಸರು ಹೇಳಬಹುದು.

ಡ್ರ್ಯಾಗನ್‌ಫ್ಲೈ ಮತ್ತು ಅದರ ತೆಳುಮೈಯ ಬಂಧುವಾದ ಡ್ಯಾಮ್ಸೆಲ್‌ಫ್ಲೈಗಳನ್ನು ಬೇರ್ಪಡಿಸಲು ಕೂರುವ ಭಂಗಿಯೊಂದನ್ನೇ ನೆಚ್ಚಬೇಡಿ. ಡ್ಯಾಮ್ಸೆಲ್‌ಫ್ಲೈ ರೆಕ್ಕೆಗಳನ್ನು ಬೆನ್ನಿನ ಮೇಲೆ ಜೋಡಿಸಿಕೊಂಡು ಕೂರುತ್ತದೆ ಎಂಬ ನಿಯಮಕ್ಕೆ ಲೆಸ್ಟಿಸ್ ಗುಂಪಿನವು ಒಗ್ಗುವುದಿಲ್ಲ, ಅವು ರೆಕ್ಕೆಗಳನ್ನು ಅರೆತೆರೆದೇ ಕೂರುತ್ತವೆ. ಕಣ್ಣುಗಳು ನೆತ್ತಿಯ ಮೇಲೆ ಕೂಡಿಕೊಂಡಿದ್ದರೆ ಡ್ರ್ಯಾಗನ್‌ಫ್ಲೈ ಎಂಬ ನಿಯಮಕ್ಕೂ ಕ್ಲಬ್‌ಟೇಲ್ ಎಂಬ ಗುಂಪಿನ ಡ್ರ್ಯಾಗನ್‌ಫ್ಲೈಗಳು ಹೊರತು, ಅವುಗಳ ಕಣ್ಣುಗಳ ನಡುವೆ ಅಂತರವಿದೆ. ಹಿಂದಿನ ರೆಕ್ಕೆಯ ಬುಡ ಮುಂದಿನದಕ್ಕಿಂತ ಅಗಲವಾಗಿದೆಯೇ (ಡ್ರ್ಯಾಗನ್‌ಫ್ಲೈ), ಎರಡೂ ಒಂದೇ ಅಳತೆಯವೇ (ಡ್ಯಾಮ್ಸೆಲ್‌ಫ್ಲೈ) ಎಂಬುದನ್ನೂ ಸೇರಿಸಿ ನೋಡಿದರೆ ತಪ್ಪಾಗದು.

ಆಮೇಲೆ ನೀವು ನಿಂತಿರುವ ಜಾಗವನ್ನು ನೋಡಿ. ಪಶ್ಚಿಮ ಘಟ್ಟಗಳಲ್ಲಿ ಇವುಗಳ ಸುಮಾರು 200 ಪ್ರಭೇದಗಳಿವೆ, ಆದರೆ ಅವೆಲ್ಲ ನಿಮ್ಮ ಕೆರೆಗೆ ಬರುವುದಿಲ್ಲ. ಹೊಳೆಯುವ ಹಸಿರು ರೆಕ್ಕೆಯ ಸ್ಟ್ರೀಮ್ ಗ್ಲೋರಿ ಕಾಡಿನ ಹರಿಯುವ ತೊರೆಯದು; ನಗರದ ಕೆರೆಯ ದಂಡೆಯಲ್ಲಿ ಆ ಪುಟವನ್ನು ತೆರೆಯುವ ಅಗತ್ಯವೇ ಇಲ್ಲ. ಕೊಳಚೆ ಸೇರುವ ನೀರಿನ ಬಳಿ ಕಿತ್ತಳೆ ಛಾಯೆಯ ರೆಕ್ಕೆಯವು ಗುಂಪಾಗಿದ್ದರೆ ಡಿಚ್ ಜ್ಯುವೆಲ್ ಇರಬಹುದೇ ಎಂದು ಮೊದಲು ನೋಡಿ. ಕಲ್ಲಿನ ಗೋಡೆಗೆ ಅಂಟಿ, ಕಲ್ಲಿನ ಬಣ್ಣದಲ್ಲೇ ಕರಗಿಹೋಗಿರುವುದು ಗ್ರಾನೈಟ್ ಘೋಸ್ಟ್. ಮಳೆಗಾಲದಲ್ಲಿ ಬಯಲಿನ ಮೇಲೆ ಕೂರದೆ ಹಿಂಡುಹಿಂಡಾಗಿ ತೇಲುವ ಹಳದಿಯವು ವಾಂಡರಿಂಗ್ ಗ್ಲೈಡರ್‌ಗಳು. ಇವು ಭಾರತದಿಂದ ಮಾಲ್ಡೀವ್ಸ್ ದಾಟಿ ಪೂರ್ವ ಆಫ್ರಿಕಾದವರೆಗೆ ಸಾಗರದ ಮೇಲೆ ಹಾರಿಹೋಗುತ್ತವೆ ಎಂದು ಜೀವವಿಜ್ಞಾನಿ ಚಾರ್ಲ್ಸ್ ಆಂಡರ್ಸನ್ 2009ರಲ್ಲಿ ಬರೆದರು. ಅದನ್ನು ಓದಿದ ಮೇಲೆ ನಮ್ಮೂರ ಮೈದಾನದ ಆ ಹಿಂಡನ್ನು ನಾನು ನಿಂತು ನೋಡದೆ ದಾಟಿದ್ದಿಲ್ಲ.

ಕಿರು ಕೈಪಿಡಿಗಳಲ್ಲಿ ಒಂದು ತೊಡಕಿದೆ. ದೊಡ್ಡದು ಚಿಕ್ಕದು ಎನ್ನದೆ ಎಲ್ಲ ಚಿತ್ರಗಳನ್ನೂ ಒಂದೇ ಅಗಲಕ್ಕೆ ಹಿಗ್ಗಿಸಿ ಅಚ್ಚು ಹಾಕಿರುತ್ತಾರೆ. ಪಿಗ್ಮಿ ಡಾರ್ಟ್‌ಲೆಟ್ ಎಂಬ ಪುಟ್ಟ ಡ್ಯಾಮ್ಸೆಲ್‌ಫ್ಲೈನ ಹೊಟ್ಟೆ ಎರಡು ಸೆಂಟಿಮೀಟರ್ ಕೂಡ ಇಲ್ಲ, ಆದರೂ ಪುಟದಲ್ಲಿ ಅದು ಅಂಗೈಯಷ್ಟು ಕಾಣಬಹುದು. ಆದ್ದರಿಂದ ಚಿತ್ರದ ಕೆಳಗಿನ ಅಳತೆಯನ್ನು ತಪ್ಪದೆ ಓದಿ. ನಮ್ಮ ದೇಶದ ಪುಸ್ತಕಗಳಲ್ಲಿ ಸಾಮಾನ್ಯವಾಗಿ ಕೊಡುವುದು ಇಡೀ ಮೈಯ ಉದ್ದವನ್ನಲ್ಲ, ಹೊಟ್ಟೆಯ ಮತ್ತು ಹಿಂದಿನ ರೆಕ್ಕೆಯ ಉದ್ದವನ್ನು. ಹಾಗೆಯೇ ಇಂಗ್ಲಿಷ್ ಹೆಸರುಗಳು ಪುಸ್ತಕದಿಂದ ಪುಸ್ತಕಕ್ಕೆ ಬದಲಾಗುತ್ತವೆ: ನಾನು ಗ್ರೌಂಡ್ ಸ್ಕಿಮ್ಮರ್ ಎಂದದ್ದು ಇನ್ನೊಂದು ಪುಸ್ತಕದಲ್ಲಿ ಚಾಕಿ ಪರ್ಚರ್. ಡಿಪ್ಲಕೋಡಿಸ್ ಟ್ರಿವಿಯಾಲಿಸ್ ಎಂಬ ವೈಜ್ಞಾನಿಕ ಹೆಸರನ್ನೂ ಬರೆದಿಟ್ಟುಕೊಂಡರೆ ಗೊಂದಲವಿರುವುದಿಲ್ಲ.

ಮೊಬೈಲಿನಲ್ಲಿ ಚಿತ್ರ ತೆಗೆಯುವುದಾದರೆ ಮೇಲಿನಿಂದ ಒಂದು, ಪಕ್ಕದಿಂದ ಒಂದು ತೆಗೆಯಿರಿ. ಎದೆಯ ಪಟ್ಟೆಗಳು ಪಕ್ಕದಿಂದ ಮಾತ್ರ ಕಾಣುತ್ತವೆ. ಕೆಲವು ಡ್ಯಾಮ್ಸೆಲ್‌ಫ್ಲೈಗಳಲ್ಲಿ ಬಾಲದ ನೀಲಿ ಮಚ್ಚೆ ಎಂಟನೆಯ ಖಂಡದಲ್ಲಿದೆಯೋ ಒಂಬತ್ತನೆಯದರಲ್ಲಿದೆಯೋ ಎಂಬುದರ ಮೇಲೆಯೇ ಹೆಸರು ನಿಂತಿರುತ್ತದೆ. ಒಟ್ಟು ಹತ್ತು ಖಂಡಗಳಿರುವುದರಿಂದ ತುದಿಯಿಂದ ಹಿಂದಕ್ಕೆ ಎಣಿಸುವುದು ಸುಲಭ.

ಸೆಪ್ಟೆಂಬರ್‌ನಿಂದ ನವೆಂಬರ್‌ವರೆಗೆ, ಬಿಸಿಲೇರುವ ಒಂಬತ್ತು ಗಂಟೆಯ ಹೊತ್ತಿಗೆ ಕೆರೆಯ ಒಂದೇ ಮೂಲೆಗೆ ಮತ್ತೆ ಮತ್ತೆ ಹೋಗಿ; ಅಲ್ಲಿನ ಹತ್ತು ಪ್ರಭೇದಗಳ ಗಂಡು, ಹೆಣ್ಣು ಮತ್ತು ಎಳೆಯ ರೂಪಗಳನ್ನು ಕಲಿಯುವವರೆಗೆ ಬೇರೆ ಕೆರೆಗೆ ಹೋಗಬೇಡಿ. ಹೆಸರು ಸಿಗದಿದ್ದಾಗ ಹತ್ತಿರದ ಚಿತ್ರಕ್ಕೆ ಬಲವಂತವಾಗಿ ಹೊಂದಿಸಬೇಡಿ. ಪಿಗ್ಮಿ ಡಾರ್ಟ್‌ಲೆಟ್‌ನ ಹತ್ತಿರದ ಬಂಧುಗಳಲ್ಲಿ ಹೆಣ್ಣುಗಳ ಬಣ್ಣ ಪ್ರಾಯದೊಂದಿಗೆ ಕೆಂಪಿನಿಂದ ಹಸಿರಿಗೆ ಹೊರಳುವುದುಂಟು, ಆದ್ದರಿಂದ ನನ್ನ ಟಿಪ್ಪಣಿಯಲ್ಲಿ "ಅಗ್ರಿಯಾಕ್ನೆಮಿಸ್, ಹೆಣ್ಣು" ಎಂದು ಕುಲದ (ಜೀನಸ್) ಹೆಸರನ್ನಷ್ಟೇ ಬರೆದು ದಿನಾಂಕ ಹಾಕಿದ ಸಾಲುಗಳು ಇಂದಿಗೂ ಸೇರುತ್ತಲೇ ಇವೆ.