ಸರ್ವರ್ ಚಾಲನೆಯಲ್ಲಿದ್ದರೂ ಸಂಪರ್ಕ ಸಿಗದಿದ್ದರೆ

ಪ್ರಶ್ನೆ: ನಮ್ಮದು ಹನ್ನೆರಡು ಕಂಪ್ಯೂಟರ್‌ಗಳಿರುವ ಲೆಕ್ಕಪರಿಶೋಧಕರ ಕಚೇರಿ. ಎಲ್ಲರ ಕಡತಗಳೂ ಒಂದೇ ವಿಂಡೋಸ್ ಸರ್ವರ್‌ನಲ್ಲಿವೆ. ಈಚೆಗೆ ಆಗಾಗ, ಹೆಚ್ಚಾಗಿ ಬೆಳಿಗ್ಗೆ ಹತ್ತೂವರೆಯ ನಂತರ, ಕೆಲವರ ಕಂಪ್ಯೂಟರ್‌ಗಳಲ್ಲಿ ಸರ್ವರ್‌ನ ಫೋಲ್ಡರ್‌ಗಳು ತೆರೆಯುವುದಿಲ್ಲ. ಇಂಟರ್ನೆಟ್ ಮಾತ್ರ ಸರಿಯಾಗಿರುತ್ತದೆ. ಕೇಬಲ್ಲನ್ನೂ ಸ್ವಿಚ್ಚನ್ನೂ ಬದಲಾಯಿಸಿ ನೋಡಿದೆವು. ಸರ್ವರ್‌ಗೆ 192.168.1.50 ಎಂಬ ಐಪಿ ವಿಳಾಸವನ್ನು ಕೈಯಾರೆ ನಮೂದಿಸಲಾಗಿದೆ. ದೋಷ ಎಲ್ಲಿರಬಹುದು?
— ಓದುಗರೊಬ್ಬರು, ದಾವಣಗೆರೆ

ಉತ್ತರ: ಸ್ವಿಚ್ಚಿಗೆ ಹಣ ಹಾಕುವ ಮೊದಲು ನಿಮ್ಮ ಪತ್ರದಲ್ಲೇ ಇರುವ ಎರಡು ಸಂಗತಿಗಳನ್ನು ಗಮನಿಸಬಹುದಿತ್ತು. ಸಿಬ್ಬಂದಿ ಬಂದು ಸೇರಿದ ಮೇಲೆ ತೊಂದರೆ ಕಾಣಿಸಿಕೊಳ್ಳುತ್ತದೆ. ಸರ್ವರ್‌ನ ವಿಳಾಸವನ್ನು ಕೈಯಾರೆ ನಮೂದಿಸಲಾಗಿದೆ. ಇವೆರಡನ್ನೂ ಸೇರಿಸಿ ನೋಡಿದರೆ, ನಿಮ್ಮ ರೂಟರ್ ಅದೇ ವಿಳಾಸವನ್ನು ಮತ್ತೊಂದು ಸಾಧನಕ್ಕೂ, ಬಹುಶಃ ಯಾರದೋ ಮೊಬೈಲ್‌ಗೆ, ಕೊಡುತ್ತಿರಬೇಕೆಂಬ ಅನುಮಾನ ಬಲವಾಗುತ್ತದೆ.

ಕಚೇರಿಯ ಜಾಲದಲ್ಲಿ ಕಂಪ್ಯೂಟರ್ ‘ಈ ಐಪಿ ವಿಳಾಸ ಯಾರದು?’ ಎಂದು ಎಆರ್‌ಪಿ ಎಂಬ ವಿಧಾನದಿಂದ ಎಲ್ಲರನ್ನೂ ಕೇಳಿ, ಉತ್ತರಿಸಿದ ಸಾಧನದ ಮ್ಯಾಕ್ ವಿಳಾಸವನ್ನು, ಅಂದರೆ ಅದರ ನೆಟ್‌ವರ್ಕ್ ಯಂತ್ರಾಂಶದ ಗುರುತು ಸಂಖ್ಯೆಯನ್ನು, ಕೆಲಕಾಲ ನೆನಪಿಟ್ಟುಕೊಂಡು, ಮಾಹಿತಿಯನ್ನು ಅಲ್ಲಿಗೇ ಕಳುಹಿಸುತ್ತದೆ. ಒಂದೇ ವಿಳಾಸಕ್ಕೆ ಇಬ್ಬರು ವಾರಸುದಾರರಿದ್ದಾಗ ಒಂದು ಕಂಪ್ಯೂಟರ್ ಸರ್ವರನ್ನು ತಲುಪಿದರೆ, ಪಕ್ಕದ ಮೇಜಿನ ಕಂಪ್ಯೂಟರ್ ಮೊಬೈಲಿನ ಬಾಗಿಲು ತಟ್ಟುತ್ತಿರುತ್ತದೆ. ಇಂಟರ್ನೆಟ್ಟಿನ ದಾರಿ ರೂಟರ್ ಮೂಲಕ ಸಾಗುವುದರಿಂದ ಅದಕ್ಕೆ ಯಾವ ಅಡ್ಡಿಯೂ ಆಗುವುದಿಲ್ಲ.

ಇದನ್ನು ಖಚಿತಪಡಿಸಿಕೊಳ್ಳಲು, ತೊಂದರೆ ಕಾಣಿಸಿಕೊಂಡಿರುವಾಗಲೇ, ಎಲ್ಲರಿಗೂ ಕಡತಗಳನ್ನು ಮುಚ್ಚಲು ಹೇಳಿ, ಸರ್ವರ್‌ನ ನೆಟ್‌ವರ್ಕ್ ಕೇಬಲ್ ಕಳಚಿರಿ. ಬಳಿಕ ಬೇರೊಂದು ಕಂಪ್ಯೂಟರ್‌ನ ಕಮಾಂಡ್ ಪ್ರಾಂಪ್ಟ್ ಅನ್ನು ಅಡ್ಮಿನಿಸ್ಟ್ರೇಟರ್ ಆಗಿ ತೆರೆದು, ‘ಎಆರ್‌ಪಿ -ಡಿ’ ಆದೇಶದಿಂದ ಹಳೆಯ ನೆನಪನ್ನು ಅಳಿಸಿ, 192.168.1.50ಕ್ಕೆ ಪಿಂಗ್ ಮಾಡಿರಿ, ಅಂದರೆ ಆ ವಿಳಾಸದಿಂದ ಉತ್ತರ ಬರುತ್ತದೆಯೇ ಎಂದು ಪರೀಕ್ಷಿಸಿರಿ. ಕೇಬಲ್ ಕಳಚಿದ ಸರ್ವರ್ ಉತ್ತರಿಸಲಾರದು. ಆದರೂ ಉತ್ತರ ಬಂದರೆ ಅಲ್ಲಿ ಇನ್ಯಾರೋ ಕುಳಿತಿದ್ದಾರೆ. ಇಲ್ಲಿ ಅನೇಕರು ಎಡವುತ್ತಾರೆ: ‘ಡೆಸ್ಟಿನೇಷನ್ ಹೋಸ್ಟ್ ಅನ್‌ರೀಚಬಲ್’ ಎಂಬ ಸಾಲೂ ‘ರಿಪ್ಲೈ ಫ್ರಮ್’ ಎಂದೇ ಆರಂಭವಾಗುತ್ತದೆ, ಆದರೆ ಅದರಲ್ಲಿರುವುದು ನಿಮ್ಮದೇ ಕಂಪ್ಯೂಟರ್‌ನ ವಿಳಾಸ, ಅದನ್ನು ಉತ್ತರವೆಂದು ಎಣಿಸಬಾರದು. ಪಿಂಗ್‌ಗೆ ಉತ್ತರಿಸದ ಸಾಧನಗಳೂ ಇರುವುದರಿಂದ, ತಕ್ಷಣವೇ ‘ಎಆರ್‌ಪಿ -ಎ’ ಆದೇಶ ಕೊಟ್ಟು, 192.168.1.50ರ ಎದುರು ಯಾವುದಾದರೂ ಮ್ಯಾಕ್ ವಿಳಾಸ ಕಾಣುತ್ತದೆಯೇ ಎಂದು ನೋಡುವುದು ಹೆಚ್ಚು ನಂಬಿಕೆಗೆ ಅರ್ಹ. ವಿಂಡೋಸ್‌ನ ದಾಖಲೆಗಳನ್ನು ತೋರಿಸುವ ಸರ್ವರ್‌ನ ಈವೆಂಟ್ ವ್ಯೂವರ್‌ನಲ್ಲಿ ಸಿಸ್ಟಂ ವಿಭಾಗದಲ್ಲಿ 4199 ಸಂಖ್ಯೆಯ ದಾಖಲೆ ಇದ್ದರಂತೂ ವಿಳಾಸ ಘರ್ಷಣೆಯನ್ನು ವಿಂಡೋಸ್ ತಾನೇ ಬರೆದಿಟ್ಟಿದೆ ಎಂದರ್ಥ. ಆ ಮ್ಯಾಕ್ ವಿಳಾಸದಿಂದ ಸಾಧನದ ತಯಾರಕರನ್ನು ಹುಡುಕಬಹುದು, ಆದರೆ ಆಂಡ್ರಾಯ್ಡ್ 10ರಿಂದೀಚಿನ ಮೊಬೈಲ್‌ಗಳು ಸಾಮಾನ್ಯವಾಗಿ ವೈಫೈಗೆ ನಿಜವಾದದ್ದರ ಬದಲು ತೋರಿಕೆಯ ಮ್ಯಾಕ್ ವಿಳಾಸವನ್ನೇ ಕೊಡುವುದರಿಂದ ಅವುಗಳ ತಯಾರಕರು ಸಿಗಲಾರರು.

ಪರಿಹಾರ ರೂಟರ್‌ನಲ್ಲಿದೆ. ಸಾಧನಗಳಿಗೆ ತಾನಾಗಿಯೇ ಐಪಿ ವಿಳಾಸ ಹಂಚುವ ವ್ಯವಸ್ಥೆಯಾದ ಡಿಎಚ್‌ಸಿಪಿಯ ಪುಟದಲ್ಲಿ ಹಂಚಿಕೆಯ ವ್ಯಾಪ್ತಿಯನ್ನು (ವಿಳಾಸದ ಕೊನೆಯ ಸಂಖ್ಯೆ) 100ರಿಂದ 200ರವರೆಗೆ ಎಂದು ಬದಲಿಸಿದರೆ 50 ಅದರ ಹೊರಗೆ ಉಳಿಯುತ್ತದೆ. ಸರ್ವರ್‌ನ ವಿಳಾಸವನ್ನು ಮುಟ್ಟಬೇಕಾಗಿಲ್ಲ. ಈಗಾಗಲೇ ಆ ವಿಳಾಸ ಪಡೆದಿರುವ ಸಾಧನ ತನ್ನ ಅವಧಿ ಮುಗಿಯುವವರೆಗೆ ಅದನ್ನು ಬಿಡದು. ಆದ್ದರಿಂದ ಅದರ ವೈಫೈಯನ್ನು ಒಮ್ಮೆ ಆರಿಸಿ ಮತ್ತೆ ಸೇರಿಸಿರಿ. ವೈಫೈ ದೂರ ತಲುಪಲೆಂದು ಯಾರಾದರೂ ಎರಡನೆಯ ರೂಟರ್ ಜೋಡಿಸಿದ್ದರೆ ಅದರ ಡಿಎಚ್‌ಸಿಪಿಯನ್ನು ನಿಲ್ಲಿಸಿರಿ. ಎಷ್ಟೋ ಕಚೇರಿಗಳಲ್ಲಿ ಅದರ ಇರವೇ ಯಾರಿಗೂ ತಿಳಿದಿರುವುದಿಲ್ಲ.

ಪ್ರಶ್ನೆ: ಸರ್ವರ್‌ನ ಐಪಿ ವಿಳಾಸ ಕೊಟ್ಟರೆ ಫೋಲ್ಡರ್ ತೆರೆಯುತ್ತದೆ, ಹೆಸರು ಕೊಟ್ಟರೆ ತೆರೆಯುವುದಿಲ್ಲ. ಏಕೆ?
— ಓದುಗರೊಬ್ಬರು, ಹುಬ್ಬಳ್ಳಿ

ಉತ್ತರ: ಹಾಗಿದ್ದರೆ ಕೇಬಲ್, ಸ್ವಿಚ್, ಫೈರ್‌ವಾಲ್ ಎಲ್ಲವೂ ಸರಿಯಾಗಿವೆ, ಹೆಸರನ್ನು ವಿಳಾಸಕ್ಕೆ ಹೊಂದಿಸುವ ಡಿಎನ್ಎಸ್ ವ್ಯವಸ್ಥೆಯಲ್ಲಷ್ಟೇ ದೋಷವಿದೆ. ನಿಮ್ಮ ಕಚೇರಿಯಲ್ಲಿ ವಿಂಡೋಸ್ ಡೊಮೈನ್ (ಎಲ್ಲ ಕಂಪ್ಯೂಟರ್‌ಗಳನ್ನೂ ಬಳಕೆದಾರರನ್ನೂ ಒಂದೇ ಸರ್ವರ್‌ನಿಂದ ನಿರ್ವಹಿಸುವ ವ್ಯವಸ್ಥೆ) ಇದ್ದರೆ, ಕಂಪ್ಯೂಟರ್‌ಗಳ ಡಿಎನ್ಎಸ್ ಅಂಕಣದಲ್ಲಿ 8.8.8.8ರಂತಹ ಹೊರಗಿನ ಡಿಎನ್ಎಸ್ ಸರ್ವರ್‌ನ ವಿಳಾಸವಿದೆಯೇ ನೋಡಿರಿ. ನಿಮ್ಮ ಕಚೇರಿಯೊಳಗಿನ ಹೆಸರುಗಳು ಅದಕ್ಕೆ ಗೊತ್ತಿರುವುದಿಲ್ಲ. ಎರಡನೆಯ ಆಯ್ಕೆಯಾಗಿಯೂ ಅದನ್ನು ಉಳಿಸಿಕೊಳ್ಳದೆ ಡೊಮೈನ್ ಸರ್ವರ್‌ನ ವಿಳಾಸವನ್ನು ಮಾತ್ರ ಕೊಟ್ಟು, ‘ಐಪಿಕಾನ್ಫಿಗ್ /ಫ್ಲಶ್‌ಡಿಎನ್ಎಸ್’ ಆದೇಶ ನಡೆಸಿದ ಮೇಲೆ ಮತ್ತೆ ಪ್ರಯತ್ನಿಸಿರಿ.