ಪ್ರಾಸ್ಟೇಟ್ ಆಪರೇಷನ್‌ಗೆ ಮೊದಲು ಅಪ್ಪನೊಬ್ಬರನ್ನೇ ಕೂರಿಸಿ ಕೇಳಿ

ಅಪ್ಪ ಆಪರೇಷನ್‌ಗೆ ಒಪ್ಪುತ್ತಿಲ್ಲ, ನೀವಾದರೂ ಬುದ್ಧಿ ಹೇಳಿ. ಹೀಗೆ ಕೇಳಿಕೊಂಡು ಬರುವ ಮಕ್ಕಳನ್ನು ನಾನು ಮತ್ತೆ ಮತ್ತೆ ನೋಡುತ್ತಿದ್ದೇನೆ. ಅಪ್ಪನ ವಯಸ್ಸು ಅರವತ್ತು ದಾಟಿರುತ್ತದೆ. ಮೂತ್ರಚೀಲದ ಕೆಳಗೆ ಮೂತ್ರದ ದಾರಿಯ ಸುತ್ತ ಇರುವ ಪ್ರಾಸ್ಟೇಟ್ ಗ್ರಂಥಿ ದೊಡ್ಡದಾಗಿ ಆ ದಾರಿಯನ್ನು ಒತ್ತುತ್ತಿರುತ್ತದೆ. ಡಾಕ್ಟರು ಆಪರೇಷನ್ ಅಂದಿರುತ್ತಾರೆ, ಮಕ್ಕಳು ದುಡ್ಡು ಹೊಂದಿಸಿರುತ್ತಾರೆ. ಅಪ್ಪ ಮಾತ್ರ ಬೇಡ ಅನ್ನುತ್ತಾರೆ, ಯಾಕೆ ಅಂತ ಹೇಳುವುದಿಲ್ಲ. ಅಂಥ ಒಂದು ಪ್ರಕರಣ ಇಲ್ಲಿದೆ. ಗುರುತು ಸಿಗಬಾರದೆಂದು ಕೆಲವು ವಿವರಗಳನ್ನು ಬದಲಿಸಿದ್ದೇನೆ.

ಅವರು ನಿವೃತ್ತ ಹೈಸ್ಕೂಲು ಮೇಷ್ಟ್ರು. ಮೇಷ್ಟ್ರು ಅಂತಲೇ ಕರೆಯುತ್ತೇನೆ. ಮಗನಿಗೆ ಬೆಂಗಳೂರಿನಲ್ಲಿ ಕೆಲಸ. ಮೊದಲ ಸಲ ಬಂದಾಗ ಪೂರ್ತಿ ಅವನೇ ಮಾತಾಡಿದ. ಅಪ್ಪ ರಾತ್ರಿ ನಾಲ್ಕೈದು ಸಲ ಏಳುತ್ತಾರೆ. ಅಮ್ಮನಿಗೂ ನಿದ್ದೆ ಇಲ್ಲ. ಬಸ್ಸಿನಲ್ಲಿ ದೂರದ ಊರಿಗೆ ಹೋಗುವುದನ್ನು ಬಿಟ್ಟಿದ್ದಾರೆ. ಮದುವೆ ಮನೆಗೆ ಹೋದರೆ ನೀರೇ ಕುಡಿಯುವುದಿಲ್ಲ. ಸ್ಕ್ಯಾನಿಂಗ್‌ನಲ್ಲಿ ಗ್ರಂಥಿ 52 ಗ್ರಾಂ ಅಂತ ಬಂದಿತ್ತು, ಸಾಮಾನ್ಯವಾಗಿ ಅದು 20ರಿಂದ 25 ಗ್ರಾಂ ಇರುತ್ತದೆ. ಪರೀಕ್ಷೆಗಳಲ್ಲಿ ಕ್ಯಾನ್ಸರ್‌ನ ಸುಳಿವು ಇರಲಿಲ್ಲ. ಮೂತ್ರ ಸಲೀಸಾಗಿ ಹೋಗಲೆಂದು ಡಾಕ್ಟರು ಟ್ಯಾಮ್ಸುಲೋಸಿನ್ ಮಾತ್ರೆ ಕೊಟ್ಟಿದ್ದರು. ‘ಮಾತ್ರೆಗೆ ಬಗ್ಗುತ್ತಿಲ್ಲ, ಲೇಸರ್ ಮಾಡಿಸುವುದು ಒಳ್ಳೆಯದು’ ಅಂದಿದ್ದರು. ಅಷ್ಟು ಹೊತ್ತೂ ಮೇಷ್ಟ್ರು ಕೈಕಟ್ಟಿಕೊಂಡು ಗೋಡೆ ನೋಡುತ್ತಾ ಕೂತಿದ್ದರು.

ಮುಂದಿನ ಸಲ ಅವರೊಬ್ಬರನ್ನೇ ಒಳಗೆ ಕರೆದೆ. ಮಗನಿಗೆ ಇದು ಇಷ್ಟವಾಗಲಿಲ್ಲ. ‘ನಮ್ಮಪ್ಪ ನನ್ನ ಹತ್ತಿರ ಏನೂ ಮುಚ್ಚಿಡಲ್ಲ ಮೇಡಂ’ ಅಂದ. ಆದರೂ ಹೊರಗೆ ಕೂತ.

ಮೇಷ್ಟ್ರು ಆಪರೇಷನ್ ವಿಷಯ ಬಿಟ್ಟು ಉಳಿದದ್ದೆಲ್ಲಾ ಮಾತಾಡಿದರು. ಹಳೆಯ ವಿದ್ಯಾರ್ಥಿಗಳು, ಪಿಂಚಣಿ, ಮೊಮ್ಮಗಳ ಕನ್ನಡ. ನಾನು ತಡೆಯಲಿಲ್ಲ. ಕೊನೆಗೆ ಆಪರೇಷನ್ ಬಗ್ಗೆ ಕೇಳುವ ಬದಲು ಮಾತ್ರೆ ಬಗ್ಗೆ ಕೇಳಿದೆ.

‘ಮಾತ್ರೆ ತಗೊಂಡ ದಿನಕ್ಕೂ ಬಿಟ್ಟ ದಿನಕ್ಕೂ ಏನಾದರೂ ವ್ಯತ್ಯಾಸ ಕಾಣುತ್ತಾ ಸರ್?’

ಅವರು ಬಾಗಿಲ ಕಡೆ ನೋಡಿದರು. ‘ಬಾಗಿಲು ಹಾಕಿದೆಯಾ ಮೇಡಂ?’

ಎದ್ದು ಹೋಗಿ ಚಿಲಕ ಹಾಕಿ ಬಂದೆ.

‘ಮಾತ್ರೆ ತಗೊಂಡ್ರೆ ಒಂದಕ್ಕೆ ಸಲೀಸಾಗಿ ಹೋಗುತ್ತೆ. ಬೇರೆದು ಬರಲ್ಲ.’

ಸ್ವಲ್ಪ ಹೊತ್ತು ಇಬ್ಬರೂ ಸುಮ್ಮನಿದ್ದೆವು. ಆಮೇಲೆ ಅವರೇ ಮುಂದುವರಿಸಿದರು. ಮಾತ್ರೆ ಶುರುವಾದ ಮೇಲೆ ಹೆಂಡತಿಯ ಜೊತೆ ಕೂಡಿದಾಗ ವೀರ್ಯ ಬರುವುದು ನಿಂತಿತ್ತು. ಏನೋ ದೊಡ್ಡ ಕಾಯಿಲೆ ಅಂತ ಹೆದರಿದರು. ಯಾರಿಗೂ ಹೇಳದೆ ಮಾತ್ರೆ ಬಿಟ್ಟರು. ಮಗ ಬಂದಾಗ ಮಾತ್ರ ಅವನ ಎದುರಿಗೆ ನುಂಗುತ್ತಿದ್ದರು. ಅದೇ ಹೊತ್ತಿಗೆ ಬೆಳಗಿನ ವಾಕಿಂಗ್ ಗೆಳೆಯರೊಬ್ಬರು ಪ್ರಾಸ್ಟೇಟ್ ಆಪರೇಷನ್ ಮಾಡಿಸಿಕೊಂಡು ಬಂದು ‘ನನ್ನದೆಲ್ಲಾ ಮುಗೀತು’ ಅಂದಿದ್ದರು. ಮೇಷ್ಟ್ರಿಗೆ ಅಷ್ಟು ಸಾಕಾಗಿತ್ತು. ಹಾಸಿಗೆಯನ್ನು ಹಾಲಿಗೆ ತಂದು ಹಾಕಿಕೊಂಡರು. ರಾತ್ರಿ ಎದ್ದು ಓಡಾಡುವುದರಿಂದ ಅವಳಿಗೆ ತೊಂದರೆ ಅನ್ನುವುದು ಮನೆಯವರಿಗೆ ಕೊಟ್ಟ ಕಾರಣ.

ಅಂದರೆ ಮಾತ್ರೆ ಸೋತಿರಲಿಲ್ಲ. ಹೊಟ್ಟೆಗೇ ಹೋಗಿರಲಿಲ್ಲ. ಡಾಕ್ಟರು ಆಪರೇಷನ್ ಅಂದದ್ದು ತಮಗೆ ಸಿಕ್ಕ ಮಾಹಿತಿಯ ಮೇಲೆ. ಪ್ರತಿ ಭೇಟಿಯಲ್ಲೂ ಮಗ ಪಕ್ಕದಲ್ಲೇ ಕೂತಿರುತ್ತಿದ್ದ, ಪ್ರೀತಿಯಿಂದಲೇ. ಮಗನ ಎದುರು ಯಾವ ಅಪ್ಪ ಈ ಮಾತು ಹೇಳುತ್ತಾನೆ? ಅರವತ್ತೈದರ ಅಪ್ಪ ಅಮ್ಮನ ನಡುವೆ ಅಂಥ ಸಂಬಂಧ ಇನ್ನೂ ಇರಬಹುದು ಅನ್ನುವುದು ನಮ್ಮ ಮನೆಗಳಲ್ಲಿ ಯಾರ ತಲೆಗೂ ಬರುವುದಿಲ್ಲ. ಇದು ನನಗೆ ನಿಜಕ್ಕೂ ಬೇಸರ ತರಿಸುವ ವಿಷಯ.

ನಾನು ಡಾಕ್ಟರಲ್ಲ. ಆದರೂ ಕೆಲವು ಮಾತು ಹೇಳಿದೆ, ಇದನ್ನು ಯುರಾಲಜಿ ಡಾಕ್ಟರ ಹತ್ತಿರ ಖಚಿತ ಮಾಡಿಕೊಳ್ಳಿ ಅಂತಲೂ ಸೇರಿಸಿದೆ. ಟ್ಯಾಮ್ಸುಲೋಸಿನ್‌ನಿಂದ ಕೆಲವರಿಗೆ ವೀರ್ಯ ಕಡಿಮೆಯಾಗುತ್ತದೆ, ಇಲ್ಲವೇ ಬರುವುದೇ ಇಲ್ಲ. ಮಾತ್ರೆ ನಿಲ್ಲಿಸಿದರೆ ಸಾಮಾನ್ಯವಾಗಿ ಸರಿಹೋಗುತ್ತದೆ. ಈ ತೊಂದರೆ ಕಡಿಮೆ ಇರುವ ಆಲ್ಫುಜೋಸಿನ್‌ನಂಥ ಮಾತ್ರೆಗಳೂ ಇವೆ. ಇನ್ನು ಆಪರೇಷನ್. ಮೂತ್ರದ ದಾರಿಯಿಂದಲೇ ಒಳಗೆ ಹೋಗಿ ಗ್ರಂಥಿಯನ್ನು ಕೆರೆದು ತೆಗೆಯುವ ಟಿಯುಆರ್‌ಪಿ ಆಗಲಿ, ಹೋಲ್ಮಿಯಂ ಲೇಸರ್ ಆಗಲಿ, ಮೂತ್ರದ ಹರಿವನ್ನು ಚೆನ್ನಾಗಿ ಸರಿಮಾಡುತ್ತವೆ. ಆದರೆ ಅರ್ಧಕ್ಕಿಂತ ಜಾಸ್ತಿ ಜನರಲ್ಲಿ ಆಮೇಲೆ ವೀರ್ಯ ಹೊರಗೆ ಬರದೆ ಹಿಂದಕ್ಕೆ ಮೂತ್ರಚೀಲಕ್ಕೆ ಹೋಗುತ್ತದೆ, ಮೂತ್ರದ ಜೊತೆ ಹೊರಬೀಳುತ್ತದೆ. ಅದರಿಂದ ದೇಹಕ್ಕೆ ಕೆಡುಕಿಲ್ಲ. ನಿಮಿರುವಿಕೆ, ಸುಖ ಹೆಚ್ಚಿನವರಲ್ಲಿ ಹಾಗೇ ಉಳಿಯುತ್ತವೆ. ಆ ವಾಕಿಂಗ್ ಗೆಳೆಯರಿಗೆ ಬಹುಶಃ ಇದನ್ನು ಯಾರೂ ಬಿಡಿಸಿ ಹೇಳಿರಲಿಲ್ಲ.

ಗ್ರಂಥಿಯನ್ನು ಕತ್ತರಿಸದೆ ಮಾಡುವ ಚಿಕ್ಕ ವಿಧಾನಗಳ ಬಗ್ಗೆಯೂ ಕೇಳಿ ಅಂದೆ. ಯೂರೋಲಿಫ್ಟ್‌ನಲ್ಲಿ ಬಾಗಿಲ ಪರದೆಯನ್ನು ಎರಡು ಕಡೆಗೆ ಎಳೆದು ಕಟ್ಟಿದ ಹಾಗೆ, ಊದಿದ ಭಾಗಗಳನ್ನು ಸಣ್ಣ ಕ್ಲಿಪ್‌ಗಳಿಂದ ಪಕ್ಕಕ್ಕೆ ಎಳೆದು ಹಿಡಿಯುತ್ತಾರೆ. ರೆಜೂಮ್‌ನಲ್ಲಿ ಗ್ರಂಥಿಯೊಳಗೆ ಬಿಸಿ ಹಬೆ ಬಿಡುತ್ತಾರೆ, ಒಂದೊಂದು ಸಲಕ್ಕೆ 9 ಸೆಕೆಂಡ್. ಆ ಭಾಗ ನಿಧಾನವಾಗಿ ಕುಗ್ಗುತ್ತದೆ. ಅಮೆರಿಕದಲ್ಲಿ ಮೊದಲನೆಯದಕ್ಕೆ 2013ರಲ್ಲಿ, ಎರಡನೆಯದಕ್ಕೆ 2015ರಲ್ಲಿ ಒಪ್ಪಿಗೆ ಸಿಕ್ಕಿತು. ಇವುಗಳಲ್ಲಿ ವೀರ್ಯ ಬರುವುದು ಬಹುತೇಕ ಜನರಿಗೆ ಉಳಿಯುತ್ತದೆ. ಬದಲಿಗೆ, ಹರಿವು ಲೇಸರ್‌ನಷ್ಟು ಸುಧಾರಿಸದೆ ಇರಬಹುದು. ಮತ್ತೆ ಚಿಕಿತ್ಸೆ ಬೇಕಾಗಲೂಬಹುದು. 5 ವರ್ಷ ನೋಡಿದ ಅಧ್ಯಯನಗಳಲ್ಲಿ ಹಬೆ ಚಿಕಿತ್ಸೆ ಪಡೆದ 100 ಜನರಲ್ಲಿ ನಾಲ್ಕೈದು ಮಂದಿಗೆ, ಯೂರೋಲಿಫ್ಟ್ ಆದವರಲ್ಲಿ 13-14 ಮಂದಿಗೆ ಮತ್ತೊಂದು ಆಪರೇಷನ್ ಬೇಕಾಯಿತು. ಗ್ರಂಥಿಯ ಗಾತ್ರ, ಆಕಾರ ಹೊಂದಬೇಕು. ಎಲ್ಲ ಊರಲ್ಲೂ ಸಿಗುವುದಿಲ್ಲ, ಖರ್ಚೂ ಇದೆ.

ಮೇಷ್ಟ್ರಿಗೆ ನಾನು ಕೊಟ್ಟ ಸಲಹೆ ಇಷ್ಟೇ. ಮೊದಲು ಹೆಂಡತಿಯ ಹತ್ತಿರ ಮಾತಾಡಿ. ಆಮೇಲೆ ಅವರನ್ನು ಕರೆದುಕೊಂಡು ಅದೇ ಡಾಕ್ಟರ ಹತ್ತಿರ ಹೋಗಿ, ಮಗ ಹೊರಗೆ ಕೂತಿರಲಿ. ಮಾತ್ರೆ ಬಿಟ್ಟ ವಿಷಯ ಮುಚ್ಚಿಡದೆ ಹೇಳಿ. ನಿಮಗೆ ಏನು ಉಳಿಯಬೇಕು ಅನ್ನುವುದನ್ನೂ ಹೇಳಿ.

ಹೆಂಡತಿಯನ್ನು ಒಳಗೆ ಕರೆದಾಗ ಮೇಷ್ಟ್ರು ತಲೆ ತಗ್ಗಿಸಿಕೊಂಡೇ ಎಲ್ಲವನ್ನೂ ಹೇಳಿದರು. ಆಕೆ ಕೇಳಿಸಿಕೊಂಡು, ಸೆರಗಿನಿಂದ ಮುಖ ಒರೆಸಿಕೊಂಡು, ‘ನಾನೇ ಇವರಿಗೆ ಬೇಡವಾದೆ ಅಂದ್ಕೊಂಡಿದ್ದೆ’ ಅಂದರು. ಇಷ್ಟು ಕಾಲ ಇಬ್ಬರೂ ಬೇರೆ ಬೇರೆ ಕೋಣೆಯಲ್ಲಿ ಬೇರೆ ಬೇರೆ ಕಾರಣಕ್ಕೆ ಎಚ್ಚರವಾಗಿದ್ದರು.

ಈ ಸಲಹೆಗೆ ನನ್ನನ್ನು ಬೈದವರಿದ್ದಾರೆ. ಮಗ ಫೋನ್ ಮಾಡಿ, ‘ಒಂದೇ ಸಲಕ್ಕೆ ಮುಗಿಯೋದನ್ನ ನೀವು ಎಳೆದ್ರಿ’ ಅಂದ. ಈ ವಯಸ್ಸಿನಲ್ಲಿ ಅದೆಲ್ಲ ಮುಖ್ಯವಾ ಅಂತ ಪರಿಚಯದ ನರ್ಸ್ ಒಬ್ಬರು ಕೇಳಿದರು. ಮುಖ್ಯವೋ ಅಲ್ಲವೋ ಅನ್ನುವುದನ್ನು ಹೇಳಬೇಕಾದವರು ಮೇಷ್ಟ್ರು ಮತ್ತು ಅವರ ಹೆಂಡತಿ. ನಾನು ಲೇಸರ್ ಬೇಡ ಅಂದಿಲ್ಲ. ಇದೇ ಥರ ಬಂದ ಇನ್ನೊಬ್ಬರು, ಒಬ್ಬ ರೈತ, ಎಲ್ಲವನ್ನೂ ಕೇಳಿ ತಿಳಿದುಕೊಂಡು ‘ನಂಗೆ ನಿದ್ದೆ ಬಂದ್ರೆ ಸಾಕವ್ವಾ’ ಅಂತ ಲೇಸರನ್ನೇ ಆರಿಸಿಕೊಂಡರು. ಅದೂ ಸರಿಯೇ. ಗೊತ್ತಿದ್ದು ಒಪ್ಪಿಕೊಂಡದ್ದನ್ನು ಮನುಷ್ಯ ತಡೆದುಕೊಳ್ಳುತ್ತಾನೆ. ಗೊತ್ತಿಲ್ಲದೆ ಕಳೆದುಕೊಂಡರೆ ಮೋಸ ಹೋದೆ ಅಂತ ಕೊರಗುತ್ತಾನೆ. ಇದನ್ನು ನಾನು ಕಣ್ಣಾರೆ ನೋಡಿದ್ದೇನೆ, ಆದ್ದರಿಂದ ಇಂಥ ಸಲಹೆಯನ್ನು ಮುಂದೆಯೂ ಕೊಡುತ್ತೇನೆ.

ಡಾಕ್ಟರು ಬೇಸರ ಮಾಡಿಕೊಳ್ಳಲಿಲ್ಲವಂತೆ. ಮೊದಲೇ ಹೇಳಬಾರದಿತ್ತಾ ಅಂದರಂತೆ ಅಷ್ಟೇ. ಮಾತ್ರೆ ಬದಲಿಸಿದರು. ಸ್ವಲ್ಪ ಗುಣ ಕಂಡಿತು, ಸಾಕಾಗುವಷ್ಟಲ್ಲ. ಕೊನೆಗೆ ಮೇಷ್ಟ್ರು ಹಬೆ ಚಿಕಿತ್ಸೆ ಮಾಡಿಸಿಕೊಂಡರು. ಮೊದಲ ವಾರಗಳು ಕಷ್ಟವೇ ಆದವು. ಕೆಲವು ದಿನ ಮೂತ್ರ ಹೋಗಲು ಪೈಪ್ ಇತ್ತು, ತೆಗೆದ ಮೇಲೂ ಉರಿ, ಅವಸರ. ಇದರಲ್ಲಿ ಆರಾಮ ಗೊತ್ತಾಗಲು ವಾರಗಳು ಬೇಕು, ಪೂರ್ತಿ ಫಲ ಕಾಣಲು ಮೂರು ತಿಂಗಳೂ ಆಗಬಹುದು. ಇದನ್ನು ಮೊದಲೇ ಕೇಳಿ ತಿಳಿದಿದ್ದರಿಂದ ಅವರು ಧೈರ್ಯಗೆಡಲಿಲ್ಲ. ಈಗ ರಾತ್ರಿ ಒಂದು ಸಲ ಏಳುತ್ತಾರೆ, ಕೆಲವು ದಿನ ಎರಡು. ಹಾಸಿಗೆ ಕೋಣೆಗೆ ವಾಪಸ್ ಹೋಗಿದೆ.

ಓದುತ್ತಿರುವವರಿಗೆ ಒಂದು ಎಚ್ಚರಿಕೆ. ಹೀಗೆ ಯೋಚಿಸಿ ಆರಿಸಿಕೊಳ್ಳುವಷ್ಟು ಸಮಯ ಎಲ್ಲರಿಗೂ ಇರುವುದಿಲ್ಲ. ಮೂತ್ರ ಪೂರ್ತಿ ಕಟ್ಟಿಕೊಂಡು ಹೊಟ್ಟೆಯ ಕೆಳಗೆ ಉಬ್ಬಿ ನೋಯುತ್ತಿದ್ದರೆ ಆ ಕ್ಷಣವೇ ಆಸ್ಪತ್ರೆಗೆ ಹೋಗಬೇಕು. ಮೂತ್ರದಲ್ಲಿ ರಕ್ತ ಕಂಡರೆ, ಪದೇ ಪದೇ ಸೋಂಕು ಆದರೆ, ಕಿಡ್ನಿಗೆ ಒತ್ತಡ ಬಿದ್ದಿದೆ ಅಂತ ಡಾಕ್ಟರು ಹೇಳಿದರೆ ಮುಂದೂಡಬೇಡಿ. ನೆಗಡಿಯಾದಾಗ ಮೆಡಿಕಲ್ ಶಾಪಿನಿಂದ ಸುಮ್ನೆ ಮಾತ್ರೆ ತಂದು ನುಂಗಬೇಡಿ, ಅವುಗಳಲ್ಲಿ ಕೆಲವು ಮೂತ್ರವನ್ನು ಕಟ್ಟಿಬಿಡುತ್ತವೆ. ಪ್ರಾಸ್ಟೇಟ್ ತೊಂದರೆ ಇದೆ ಅಂತ ಹೇಳಿ, ಕೇಳಿ ತೆಗೆದುಕೊಳ್ಳಿ.