ನಟಿಸಲು ಕರೆದವನ ಮೇಲೆ ನಿಜಕ್ಕೂ ಮನಸ್ಸಾಗಿದೆ

ಪ್ರಶ್ನೆ: ನನಗೆ 31 ವರ್ಷ. ಇನ್ನು ಐದು ವಾರಕ್ಕೆ ಆಪ್ತ ಗೆಳತಿಯ ಮದುವೆ. ನನ್ನನ್ನು ಬಿಟ್ಟುಹೋದವನು ಹೊಸ ಸಂಗಾತಿಯ ಜೊತೆ ಬರುತ್ತಾನೆ. ಒಬ್ಬಳೇ ಹೋಗಲು ಧೈರ್ಯವಾಗದೆ, ಅವತ್ತೊಂದು ದಿನ ನನ್ನ ಪ್ರೇಮಿಯಂತೆ ನಟಿಸು ಎಂದು ಸಹೋದ್ಯೋಗಿಯನ್ನು ಕೇಳಿದೆ. ಒಪ್ಪಿದ. 'ನಮ್ಮ ಕಥೆ' ಹೊಂದಿಸಲೆಂದು ನಾಲ್ಕು ಸಲ ಭೇಟಿಯಾದೆವು. ಈಗ ನನಗೆ ನಿಜವಾಗಿಯೂ ಅವನು ಇಷ್ಟ. ಮದುವೆ ಮುಗಿದ ಮೇಲೆ ಹೇಳಲೇ?

ಉತ್ತರ: ಕಾಯಬೇಡಿ, ಮೊದಲೇ ಹೇಳಿಬಿಡಿ. ಮದುವೆಯ ದಿನ ಅವರು ಕೈ ಹಿಡಿದರೆ ಅದು ಒಪ್ಪಂದವೋ ಒಲವೋ ನಿಮಗೆ ತಿಳಿಯುವುದಿಲ್ಲ. ನೀವು ನಕ್ಕರೆ ಅವರಿಗೂ ಅದೇ ಗೊಂದಲ. ಅವರ ಒಂದೊಂದು ಮಾತನ್ನೂ ತೂಗುತ್ತಾ ಕೂತರೆ ಗೆಳತಿಯ ಮದುವೆಯನ್ನು ನೋಡುವುದು ಯಾವಾಗ?

ಅವರು ನಿಮ್ಮ ಕೈಕೆಳಗೆ ಕೆಲಸ ಮಾಡುವವರಾದರೆ ಮಾತ್ರ ಹೇಳಬೇಡಿ, ಮದುವೆಗೂ ಕರೆದೊಯ್ಯಬೇಡಿ. ಅಲ್ಲಿ 'ಇಲ್ಲ' ಎನ್ನುವುದು ಅವರಿಗೆ ಸುಲಭವಲ್ಲ. ಸರಿಸಮಾನರಾದರೆ ಈ ವಾರವೇ, ಕಚೇರಿಯ ಹೊರಗೆ, ಬೇಕೆಂದಾಗ ಎದ್ದುಹೋಗಬಹುದಾದ ಜಾಗದಲ್ಲಿ ಹೇಳಿ. ಕಾರಿನೊಳಗೆ ಬೇಡ. 'ನಟನೆಗೆಂದು ಶುರುವಾದದ್ದು ನನಗೀಗ ನಟನೆಯಾಗಿ ಉಳಿದಿಲ್ಲ. ನಿನಗೆ ಹಾಗನ್ನಿಸದಿದ್ದರೆ ಮದುವೆಗೆ ಬರಲೇಬೇಕೆಂದಿಲ್ಲ, ನನಗೆ ಬೇಸರವಿಲ್ಲ.' ಇಷ್ಟೇ ಸಾಕು. ಆಮೇಲಿನ ಮೌನವನ್ನು ನೀವು ತುಂಬಲು ಹೋಗಬೇಡಿ. ಯೋಚಿಸಲು ಕೆಲವು ದಿನ ಬಿಡಿ, ಎರಡನೇ ಸಲ ಕೇಳಬೇಡಿ. ನಾಳೆಯೂ ಇಬ್ಬರೂ ಅದೇ ಕಚೇರಿಗೆ ಹೋಗಬೇಕು.

ಉತ್ತರ ಏನೇ ಬರಲಿ, ಪ್ರೇಮಿಯ ವೇಷ ಬಿಡಿಸಿ. ಇಂಥ ನಟನೆ ದೊಡ್ಡ ಪ್ರಶ್ನೆಗೆ ಮುರಿಯುವುದಿಲ್ಲ, ಅದರ ಬೆನ್ನಿಗೇ ಬರುವ ಸಣ್ಣ ಪ್ರಶ್ನೆಗೆ ಮುರಿಯುತ್ತದೆ. 'ಎಲ್ಲಿ ಪರಿಚಯ?' ಎಂಬುದಕ್ಕೆ ಇಬ್ಬರೂ ಬಾಯಿಪಾಠ ಮಾಡಿರುತ್ತೀರಿ. 'ಮೊದಲು ಮಾತಾಡಿಸಿದ್ದು ಯಾರು?' ಎಂದರೆ ಅವರು 'ನಾನು' ಎನ್ನುತ್ತಾರೆ, ಅದೇ ಕ್ಷಣಕ್ಕೆ ನೀವೂ 'ನಾನು' ಎನ್ನುತ್ತೀರಿ. ಫೋಟೊ ಮರುದಿನ ಕಚೇರಿ ತಲುಪುತ್ತದೆ. ಮೂರು ತಿಂಗಳ ನಂತರ 'ಅವರು ಹೇಗಿದ್ದಾರೆ?' ಎಂದು ಯಾರಾದರೂ ಕೇಳಿದರೆ ಬೇರೆಯಾದ ಕಥೆಯನ್ನೂ ಕಟ್ಟಬೇಕು. ಎಲ್ಲಕ್ಕಿಂತ ನೋವಿನದು, ನಿಮಗೊಬ್ಬರು ಸಿಕ್ಕರೆಂದು ಮದುಮಗಳು ಮನಸಾರೆ ಸಂತೋಷಪಡುವುದು. ಆ ಸಂತೋಷಕ್ಕೆ ಸುಳ್ಳಿನ ಬುಡ ಬೇಡ.

ಅವಳಿಗೆ ಈಗಲೇ ನಿಜ ಹೇಳಿ, ಆಹ್ವಾನ ಇಬ್ಬರಿಗಿದೆಯೇ ಎಂದೂ ಕೇಳಿ. ಊಟಕ್ಕೆ, ಆಸನಕ್ಕೆ ತಲೆ ಎಣಿಸುವುದು ಸಾಮಾನ್ಯವಾಗಿ ಎರಡು ಮೂರು ವಾರ ಮೊದಲೇ ಮುಗಿದಿರುತ್ತದೆ.

ಅವರು ಬರುವುದಾದರೆ ಪರಿಚಯಕ್ಕೆ ಹೆಸರಿನ ಜೊತೆ ಇಷ್ಟು ಸಾಕು: 'ಇವರು ನನ್ನ ಜೊತೆ ಬಂದಿದ್ದಾರೆ.' ಇನ್ನೂ ಕೆದಕಿದರೆ 'ಒಂದೇ ಕಡೆ ಕೆಲಸ.' ಎರಡೂ ನಿಜ, ನೆನಪಿಡಬೇಕಾದ್ದೇನೂ ಇಲ್ಲ. ಕರೆದವರು ನೀವು, ಪ್ರಯಾಣದ ಖರ್ಚು ನಿಮ್ಮದು. ಎಷ್ಟು ಹೊತ್ತಿಗೆ ಹೊರಡುವುದೆಂದು ಮೊದಲೇ ಮಾತಾಡಿಕೊಳ್ಳಿ. ಹೋದ ಅರ್ಧ ಗಂಟೆಯೊಳಗೆ ಅವರನ್ನು ಇಬ್ಬರಿಗಾದರೂ ಪರಿಚಯಿಸಿ, ಗುರುತಿಲ್ಲದವರ ನಡುವೆ ಹತ್ತು ನಿಮಿಷಕ್ಕಿಂತ ಹೆಚ್ಚು ಒಂಟಿಯಾಗಿ ಬಿಡಬೇಡಿ. ಆಪ್ತರ ಗುಂಪು ಫೋಟೊಗೆ ನೀವೊಬ್ಬರೇ ನಿಲ್ಲಿ; ಆ ಚಿತ್ರ ಗೆಳತಿಯ ಮನೆಯ ಗೋಡೆಯ ಮೇಲೆ ವರ್ಷಗಟ್ಟಲೆ ಇರುತ್ತದೆ. ಯಾರದಾದರೂ ಮಾತಿನಲ್ಲಿ ಸಿಕ್ಕಿಬಿದ್ದರೆ 'ನೀರು ಬೇಕಾ?' ಎಂಬುದು ಬಿಡಿಸಿಕೊಳ್ಳುವ ಗುಟ್ಟಿನ ಮಾತಾಗಲಿ.

ಹಳೆಯವನನ್ನು ನೀವಾಗಿಯೇ, ಬೇಗನೆ, ಒಬ್ಬರೇ ಹೋಗಿ ಮಾತಾಡಿಸಿ. ತಪ್ಪಿಸಿಕೊಳ್ಳಲು ಹೋದರೆ ಸಂಜೆಯಿಡೀ ಬಾಗಿಲನ್ನೇ ಕಾಯುತ್ತೀರಿ. ನಿಂತಲ್ಲೇ ನಮಸ್ಕಾರ, ಅವನ ಸಂಗಾತಿಗೊಂದು ಮಾತು, ಅಲ್ಲಿಂದ ಮುಂದಕ್ಕೆ.

ಸಹೋದ್ಯೋಗಿ ಇಲ್ಲವೆಂದರೆ? ಅವರು ಬೇರೆಯವರೊಡನೆ ನಗುನಗುತ್ತಾ ಮಾತಾಡುವುದನ್ನು ನೋಡಿಯೂ ನೀವು ಹಾಯಾಗಿರಬಲ್ಲಿರಾದರೆ ಸ್ನೇಹಿತರಾಗಿ ಬರಲಿ. ಆಗದಿದ್ದರೆ ಒಂದು ತಲೆ ಕಡಿಮೆ ಎಂದು ಗೆಳತಿಗೆ ತಿಳಿಸಿ, ನಿಮ್ಮನ್ನು ಬಲ್ಲ ಮೂರ್ನಾಲ್ಕು ಜನರ ಪಕ್ಕ ಜಾಗ ಹಿಡಿದಿಡಲು ಹೇಳಿ.